ಗಂಟು ಮತ್ತು ಏರಿ: ವಿದ್ಯಾರ್ಥಿಯ ದೃಷ್ಟಿಯಲ್ಲಿ ಅರ್ಥಶಾಸ್ತ್ರದ ಎರಡು ಒಗಟುಗಳು

'ಅರ್ಥ' ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಎರಡು ಮುಖಗಳುಂಟು. ಒಂದು ಹಣ, ಸಂಪತ್ತು; ಇನ್ನೊಂದು ಮಾತಿನ ತಾತ್ಪರ್ಯ. ಅರ್ಥಶಾಸ್ತ್ರದ ಪಠ್ಯವನ್ನು ಮೊದಲ ಬಾರಿಗೆ ತೆರೆಯುವ ವಿದ್ಯಾರ್ಥಿಗೆ ಮೊದಲನೆಯ ಅರ್ಥಕ್ಕೆ ಸಂಬಂಧಿಸಿದ ಸೂತ್ರಗಳು ಹೇರಳವಾಗಿ ದೊರೆಯುತ್ತವೆ. ಎರಡನೆಯ ಅರ್ಥ ಮಾತ್ರ ಸುಲಭವಾಗಿ ಕೈಗೆ ಸಿಗುವುದಿಲ್ಲ. ಬೇಡಿಕೆ, ಪೂರೈಕೆ, ತುಷ್ಟಿಗುಣ ಮೊದಲಾದ ಪಾರಿಭಾಷಿಕ ಪದಗಳನ್ನು ವಿದ್ಯಾರ್ಥಿಯು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಬರೆಯುತ್ತಾನೆ, ಬೇಸಗೆಯ ರಜೆಯಲ್ಲಿ ಮರೆಯುತ್ತಾನೆ. ಶಾಸ್ತ್ರವು ಒಗಟಿನ ರೂಪದಲ್ಲಿ ಎದುರಿಗೆ ಬಂದಾಗ ಮಾತ್ರ ಬುದ್ಧಿ ಎಚ್ಚರಗೊಳ್ಳುತ್ತದೆ. ಈ ಮಾತಿಗೆ ಪುಷ್ಟಿಕೊಡುವ ಎರಡು ಉದಾಹರಣೆಗಳನ್ನು, ಕನ್ನಡ ನಾಡಿನಿಂದಲೇ ಆಯ್ದು, ಇಲ್ಲಿ ವಿವೇಚಿಸಲಾಗಿದೆ.

ದಾರಿಯಲ್ಲಿ ಸಿಕ್ಕ ಗಂಟು

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದನು. ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಮೂಲಧನ, ವೃದ್ಧಿ, ಪಾಲುಗಾರಿಕೆ, ಸರಕಿನ ವಿನಿಮಯ ಮುಂತಾದ ವ್ಯವಹಾರದ ಲೆಕ್ಕಗಳು ಈ ಗ್ರಂಥದಲ್ಲಿ ವಿಪುಲವಾಗಿವೆ. 12ನೆಯ ಶತಮಾನದ ರಾಜಾದಿತ್ಯನು ಇದೇ ಪರಂಪರೆಯನ್ನು ಮುಂದುವರಿಸಿ 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ಬರೆದನು. ಸಂತೆಯ ಲೆಕ್ಕವು ಶಾಸ್ತ್ರವಾಗಬಲ್ಲದೆಂಬುದನ್ನು ಕನ್ನಡಿಗರು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಮಹಾವೀರನ ಒಂದು ಲೆಕ್ಕದ ಸಾರ ಹೀಗಿದೆ. ಮೂವರು ವರ್ತಕರು ದಾರಿಯಲ್ಲಿ ಹಣದ ಗಂಟೊಂದನ್ನು ಕಾಣುತ್ತಾರೆ. ಆ ಗಂಟು ತನಗೆ ಸಿಕ್ಕರೆ ಉಳಿದಿಬ್ಬರ ಒಟ್ಟು ಹಣದ ಎರಡರಷ್ಟು ತನ್ನಲ್ಲಿರುವುದೆಂದು ಮೊದಲನೆಯವನು ಹೇಳುತ್ತಾನೆ. ತನಗೆ ಸಿಕ್ಕರೆ ಮೂರರಷ್ಟಾಗುವುದೆಂದು ಎರಡನೆಯವನೂ, ಐದರಷ್ಟಾಗುವುದೆಂದು ಮೂರನೆಯವನೂ ಹೇಳುತ್ತಾರೆ. ಗಂಟಿನಲ್ಲಿ ಎಷ್ಟು ಹಣವಿದೆ? ಒಬ್ಬೊಬ್ಬನ ಕೈಯಲ್ಲಿ ಎಷ್ಟಿದೆ?

ನಾಲ್ಕು ಅಜ್ಞಾತಗಳು, ಮೂರೇ ಹೇಳಿಕೆಗಳು. ಸಮೀಕರಣಗಳನ್ನು ಮಾತ್ರ ಕಲಿತ ವಿದ್ಯಾರ್ಥಿ ಇಲ್ಲಿ ಕೈಚೆಲ್ಲುತ್ತಾನೆ. ತರ್ಕವನ್ನು ಕಲಿತವನು ಗಂಟನ್ನೂ ಮೂವರ ಹಣವನ್ನೂ ಒಂದೇ ರಾಶಿಯಾಗಿ ಭಾವಿಸುತ್ತಾನೆ. ಗಂಟು ಮೊದಲನೆಯವನಿಗೆ ಸೇರಿದರೆ ರಾಶಿಯ ಎರಡು ಪಾಲು ಅವನದು, ಒಂದು ಪಾಲು ಉಳಿದಿಬ್ಬರದು. ಆದ್ದರಿಂದ ಎರಡನೆಯ ಮತ್ತು ಮೂರನೆಯವರ ಹಣ ಸೇರಿ ರಾಶಿಯ ಮೂರನೆಯ ಒಂದು ಭಾಗ. ಇದೇ ಕ್ರಮದಲ್ಲಿ ಮೊದಲನೆಯ ಮತ್ತು ಮೂರನೆಯವರದು ನಾಲ್ಕನೆಯ ಒಂದು ಭಾಗ. ಮೊದಲಿಬ್ಬರದು ಆರನೆಯ ಒಂದು ಭಾಗ. ರಾಶಿಯನ್ನು 24 ಎಂದಿಟ್ಟುಕೊಂಡರೆ ಈ ಜೋಡಿಗಳು ಕ್ರಮವಾಗಿ 8, 6 ಮತ್ತು 4. ಇವುಗಳ ಮೊತ್ತ 18. ಪ್ರತಿಯೊಬ್ಬನೂ ಎರಡು ಜೋಡಿಗಳಲ್ಲಿ ಬಂದಿರುವುದರಿಂದ ಮೂವರ ಹಣ ಸೇರಿ 9, ಗಂಟಿನಲ್ಲಿರುವುದು 15. ಮೂವರ ಕೈಯಲ್ಲಿರುವುದು 1, 3 ಮತ್ತು 5. ತಾಳೆ ನೋಡಿದರೆ, 15ಕ್ಕೆ 1 ಸೇರಿ 16. ಅದು 3 ಮತ್ತು 5ರ ಮೊತ್ತದ ಎರಡರಷ್ಟು. ಉಳಿದ ಎರಡು ಹೇಳಿಕೆಗಳನ್ನು ವಿದ್ಯಾರ್ಥಿಯೇ ಪರೀಕ್ಷಿಸಿಕೊಳ್ಳಬಹುದು.

ಆದರೆ ಇಷ್ಟಕ್ಕೆ ಪಾಠ ಮುಗಿಯುವುದಿಲ್ಲ. ಗಂಟಿನಲ್ಲಿ 30 ಇದ್ದು, ವರ್ತಕರ ಕೈಯಲ್ಲಿ 2, 6, 10 ಇದ್ದರೂ ಮೂರು ಹೇಳಿಕೆಗಳೂ ಸತ್ಯವೇ. ಒಗಟು ತಿಳಿಸುವುದು ಪ್ರಮಾಣವನ್ನೇ ಹೊರತು ಪರಿಮಾಣವನ್ನಲ್ಲ. ಒಬ್ಬನು ಇನ್ನೊಬ್ಬನಿಗಿಂತ ಎಷ್ಟರಷ್ಟು ಸಿರಿವಂತ ಎಂಬುದು ತಿಳಿದ ಮಾತ್ರಕ್ಕೆ ಅವರಲ್ಲಿ ಯಾರಿಗಾದರೂ ಎರಡು ಹೊತ್ತಿನ ಊಟಕ್ಕೆ ಇದೆಯೇ ಎಂಬುದು ತಿಳಿಯದು. ಅಂಕಿಅಂಶಗಳನ್ನು ಓದುವ ವಿದ್ಯಾರ್ಥಿ ಈ ಭೇದವನ್ನು ಮರೆಯಬಾರದು.

ಇದಲ್ಲದೆ, ಲೆಕ್ಕ ಬಿಡಿಸಿದ ಮೇಲೆ ಚುರುಕಾದ ಬಾಲಕನೊಬ್ಬನು ಸಹಜವಾಗಿ ಕೇಳಬಹುದಾದ ಪ್ರಶ್ನೆ ಒಂದಿದೆ: ಆ ಗಂಟು ಯಾರದು? ಕಳೆದುಕೊಂಡವನೊಬ್ಬನು ಇರಲೇಬೇಕಲ್ಲವೆ? ಗಣಿತಕ್ಕೆ ಈ ಪ್ರಶ್ನೆ ಬೇಕಿಲ್ಲ, ಅರ್ಥಶಾಸ್ತ್ರಕ್ಕೆ ಬೇಕು. ಯಾವ ವಸ್ತು ಯಾರ ಸ್ವತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡ ಮೇಲೆಯೇ ಬೆಲೆ, ಲಾಭ, ವಿನಿಮಯಗಳ ಮಾತು. ಹೀಗೆ ಕೇಳಿದ ಬಾಲಕನನ್ನು ಉಪಾಧ್ಯಾಯರು 'ಅಧಿಕಪ್ರಸಂಗ' ಎಂದು ಗದರಿಸಿದರೆ ಶಾಸ್ತ್ರದ ಬಾಗಿಲನ್ನೇ ಮುಚ್ಚಿದಂತಾಗುತ್ತದೆ.

ಕೆರೆಯ ಏರಿ

ಗಂಟು ಯಾರೋ ಒಬ್ಬನದು. ಎಲ್ಲರದೂ ಆಗಿರುವ ವಸ್ತುವಿನ ಗತಿಯೇನು? ಎರಡನೆಯ ಒಗಟು ಇದು. ಇದಕ್ಕೆ ಚಿಕ್ಕಲಸಂದ್ರದ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ. ತನ್ನ ಊರಿನ ಹೆಸರನ್ನು ಬಿಡಿಸಿ ನೋಡಿದರೆ ಸಾಕು. 'ಸಂದ್ರ' ಎಂಬುದು 'ಸಮುದ್ರ'ದಿಂದ ಬಂದ ರೂಪವೆಂದೂ, ಊರ ಹೆಸರುಗಳಲ್ಲಿ ಅದು ಕೆರೆಯನ್ನು ಸೂಚಿಸುತ್ತದೆಂದೂ ವಿದ್ವಾಂಸರು ವಿವರಿಸುತ್ತಾರೆ. ಬೊಮ್ಮಸಂದ್ರ, ಸಿಂಗಸಂದ್ರ, ತಿಪ್ಪಸಂದ್ರ, ಜಕ್ಕಸಂದ್ರ ಎಂದು ಬೆಂಗಳೂರಿನ ಸುತ್ತಲೂ ಇಂಥ ಹೆಸರುಗಳು ಹಬ್ಬಿವೆ. ಜೀವನದಿಯಿಲ್ಲದ ಈ ಎತ್ತರದ ನೆಲದಲ್ಲಿ ಬೇಸಾಯವು ಕೆರೆಗಳನ್ನೇ ನಂಬಿಕೊಂಡಿತ್ತು.

ಒಂದು ಹಳ್ಳಿಯಲ್ಲಿ ಹತ್ತು ಮನೆತನಗಳಿವೆಯೆಂದೂ, ಏರಿ ದುರಸ್ತಿಗೆ ಪ್ರತಿ ಮನೆಯೂ 50 ರೂಪಾಯಿ ಬೆಲೆಯ ದುಡಿಮೆ ಕೊಡಬೇಕೆಂದೂ ಇಟ್ಟುಕೊಳ್ಳೋಣ. ಒಂದು ಮನೆಯ ದುಡಿಮೆಯಿಂದ ಊರಿಗೆ 100 ರೂಪಾಯಿಯ ಫಲ. ಅದು ಹತ್ತು ಮನೆಗೂ ಸಮನಾಗಿ 10 ರೂಪಾಯಿಯಂತೆ ಹಂಚಿಹೋಗುತ್ತದೆ. ಎಲ್ಲರೂ ದುಡಿದರೆ ಪ್ರತಿ ಮನೆಗೂ 100 ಬಂದು, 50 ಕಳೆದು, 50 ಉಳಿಯುತ್ತದೆ. ಆದರೆ ಒಬ್ಬನು ಮನೆಯಲ್ಲೇ ಕುಳಿತು ಉಳಿದ ಒಂಬತ್ತು ಮಂದಿ ದುಡಿದರೆ ಅವನಿಗೆ ಖರ್ಚಿಲ್ಲದೆ 90 ದೊರೆಯುತ್ತದೆ. ಉಳಿದವರು ಏನೇ ಮಾಡಲಿ, ತಾನು ದುಡಿದರೆ ಕೈಬಿಡುವುದು 50, ತನ್ನ ದುಡಿಮೆಯಿಂದ ತನಗೆ ಮರಳುವುದು 10. ಆದ್ದರಿಂದ ಜಾಣನೆನಿಸಿಕೊಂಡ ಪ್ರತಿಯೊಬ್ಬನೂ ಮನೆಯಲ್ಲೇ ಕೂರುತ್ತಾನೆ, ಏರಿ ಒಡೆಯುತ್ತದೆ, ಎಲ್ಲರಿಗೂ ಸೊನ್ನೆ. ಬಿಡಿಬಿಡಿಯಾಗಿ ನೋಡಿದರೆ ಯಾರ ತರ್ಕದಲ್ಲಿಯೂ ದೋಷವಿಲ್ಲ. ಒಟ್ಟು ಫಲ ಮಾತ್ರ ವಿನಾಶ.

ಈ ಒಗಟಿನ ಆಧುನಿಕ ರೂಪವನ್ನು 1950ರಲ್ಲಿ ಮೆರಿಲ್ ಫ್ಲಡ್ ಮತ್ತು ಮೆಲ್ವಿನ್ ಡ್ರೆಷರ್ ಎಂಬವರು ರೂಪಿಸಿದರು. ಆಲ್ಬರ್ಟ್ ಟಕ್ಕರ್ ಅದಕ್ಕೆ ಇಬ್ಬರು ಕೈದಿಗಳ ಕತೆಯನ್ನು ತೊಡಿಸಿದನು. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಎಲ್ಲರಿಗೂ ಸೇರಿದ ಹುಲ್ಲುಗಾವಲು ಹಾಳಾಗುವುದೇ ಸಹಜವೆಂದು ವಾದಿಸಿದನು. ಹಾಗಿದ್ದರೆ ಕನ್ನಡ ನಾಡಿನ ಕೆರೆಗಳು ಶತಮಾನಗಳ ಕಾಲ ಉಳಿದು ಬಂದದ್ದು ಹೇಗೆ?

ಮೈಸೂರಿನಿಂದ ದೊರೆತ ಉತ್ತರ

ಉತ್ತರದ ಒಂದು ಎಳೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಕಣ್ಮರೆಯಾಗಿದ್ದ ಆ ಗ್ರಂಥದ ಓಲೆಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದವರು ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು. ಹಲವರು ಕೂಡಿ ಕಟ್ಟುವ ಸೇತುವಿನ, ಎಂದರೆ ಕೆರೆಕಟ್ಟೆಯ, ಕಾರ್ಯದಿಂದ ಒಬ್ಬನು ಹಿಂಜರಿದರೆ ಅವನ ಆಳುಗಳೂ ಎತ್ತುಗಳೂ ಕೆಲಸ ಮಾಡಬೇಕು. ಅವನು ಖರ್ಚಿನಲ್ಲಿ ಭಾಗಿಯಾಗಬೇಕು. ಫಲದಲ್ಲಿ ಮಾತ್ರ ಪಾಲಿಲ್ಲ ಎಂಬುದು ಅಲ್ಲಿಯ ವಿಧಿ.

ಈ ವಿಧಿಯನ್ನು ಮೇಲಿನ ಲೆಕ್ಕಕ್ಕೆ ಅನ್ವಯಿಸಿದರೆ ಒಗಟು ತಾನೇ ಬಿಚ್ಚಿಕೊಳ್ಳುತ್ತದೆ. ಮನೆಯಲ್ಲಿ ಕುಳಿತವನಿಗೆ 90ರ ಲಾಭಕ್ಕೆ ಬದಲಾಗಿ 50ರ ನಷ್ಟ. ಹತ್ತು ಮನೆಗಳ ದುಡಿಮೆಯೂ ಸಲ್ಲುವುದರಿಂದ ಒಟ್ಟು ಫಲ 1000. ಮನಸಾರೆ ಬಂದವರಿಗೆ 50ಕ್ಕಿಂತ ಕಡಿಮೆಯಿಲ್ಲದ ಉಳಿಕೆ. ಮನುಷ್ಯನ ಸ್ವಭಾವ ಬದಲಾಗಲಿಲ್ಲ. ಕಟ್ಟಳೆ ಬದಲಾಯಿತು, ಕಟ್ಟಳೆಯೊಂದಿಗೆ ಜಾಣತನದ ದಿಕ್ಕೂ ಬದಲಾಯಿತು.

ಕನ್ನಡ ನಾಡಿನ ಹಳ್ಳಿಗಳು ದಂಡವನ್ನಷ್ಟೇ ನೆಚ್ಚಿ ಕೂರಲಿಲ್ಲ. ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳನ್ನು ಶಾಸನಗಳು ಹೇಳುತ್ತವೆ; ಕೆರೆಯನ್ನು ಕಟ್ಟಿಸುವವರಿಗೂ ಕಾಪಾಡುವವರಿಗೂ ಭೂಮಿಯ ಫಲ ಮೀಸಲಾಗಿರುತ್ತಿತ್ತು. ತೂಬನ್ನು ತೆರೆದು ಅಚ್ಚುಕಟ್ಟಿಗೆ ಸರದಿಯಂತೆ ನೀರು ಹಾಯಿಸುವ ನೀರುಗಂಟಿ ಊರಿನ ಆಯಗಾರರಲ್ಲಿ ಒಬ್ಬನು. ಬೆಳೆಯಲ್ಲಿ ಅವನಿಗೆ ಆಯವುಂಟು. ಎಲ್ಲರ ಕಣ್ಣೆದುರಿನ ಸರದಿ, ಊರವರೇ ಒಪ್ಪಿದ ನಿಯಮ, ತಪ್ಪಿದವನಿಗೆ ತಕ್ಕ ದಂಡ: ಇಂಥ ಲಕ್ಷಣಗಳಿರುವಲ್ಲಿ ಸಮುದಾಯದ ಸ್ವತ್ತು ಉಳಿಯುತ್ತದೆಂದು ಎಲಿನಾರ್ ಆಸ್ಟ್ರಮ್ ಅವರು ಸ್ಪೇನ್, ಸ್ವಿಟ್ಜರ್‌ಲೆಂಡ್, ಜಪಾನ್, ಫಿಲಿಪೈನ್ಸ್ ದೇಶಗಳ ದೃಷ್ಟಾಂತಗಳಿಂದ 1990ರ ತಮ್ಮ ಗ್ರಂಥದಲ್ಲಿ ನಿರೂಪಿಸಿದರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು.

ಮತ್ತೆ ಬಂದ ಒಗಟು

ಗದ್ದೆ ಹೋಗಿ ಬಡಾವಣೆ ಬಂದಾಗ ಅಚ್ಚುಕಟ್ಟಿನ ಪಾಲುದಾರರೇ ಇಲ್ಲವಾದರು. ನೀರುಗಂಟಿಯ ಕಾಯಕ ನಿಂತಿತು. ಬೆಂಗಳೂರಿನ ಧರ್ಮಾಂಬುಧಿ ಕೆರೆಯ ನೆಲದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣವೂ ಎದ್ದವು. ಒಗಟು ಮಾತ್ರ ಸಾಯಲಿಲ್ಲ. ಏರಿಯ ಮೇಲಿನಿಂದ ಇಳಿದು ಕೊಳವೆಬಾವಿಯನ್ನು ಸೇರಿತು. ನೆಲದಡಿಯ ನೀರು ಎಲ್ಲರದು, ಕೊರೆಯುವವನು ಒಬ್ಬೊಬ್ಬನೇ. ನೆರೆಯವನು ಆಳಕ್ಕೆ ಕೊರೆದರೆ ತಾನು ಇನ್ನೂ ಆಳಕ್ಕೆ ಕೊರೆಯುವುದೇ ಜಾಣತನ. 2024ರ ಬೇಸಗೆಯಲ್ಲಿ ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿದಾಗ ಈ ಜಾಣತನದ ಬೆಲೆ ಕೊಡ ಹಿಡಿದು ಟ್ಯಾಂಕರಿಗೆ ಕಾದವರಿಗೆ ತಿಳಿಯಿತು. ಮಳೆನೀರು ಕೊಯ್ಲನ್ನು 2009ರ ಶಾಸನ ತಿದ್ದುಪಡಿ ಕಡ್ಡಾಯಗೊಳಿಸಿದ್ದೂ, ಅಳವಡಿಸದವರ ನೀರಿನ ಬಿಲ್ಲಿಗೆ ದಂಡ ಸೇರಿಸುವ ಕ್ರಮ ಬಂದದ್ದೂ ಕೌಟಿಲ್ಯನ ವಿಧಿಯ ಜಾತಿಗೇ ಸೇರಿದವು.

ಆದ್ದರಿಂದ ವಿದ್ಯಾರ್ಥಿಯು ಯಾವುದೇ ಆರ್ಥಿಕ ಸಿದ್ಧಾಂತವನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಯುಕ್ತ. ಇಲ್ಲಿ ಹೇಳಿರುವುದು ಪ್ರಮಾಣವೋ ಪರಿಮಾಣವೋ? ಸ್ವತ್ತು ಯಾರದೆಂದು ಮೊದಲೇ ಊಹಿಸಲಾಗಿದೆ? ಕಟ್ಟಳೆಯನ್ನು ಬದಲಿಸಿದರೆ ಉತ್ತರವೂ ಬದಲಾಗುವುದೆ? ಉಪಾಧ್ಯಾಯರು ಸೂತ್ರವನ್ನು ಕರಿಹಲಗೆಯ ಮೇಲೆ ಬರೆಯುವ ಮುನ್ನ ಒಗಟನ್ನು ಮುಂದಿಟ್ಟು, ಮಕ್ಕಳನ್ನು ಹತ್ತು ಮನೆತನಗಳಾಗಿ ಕೂಡಿಸಿ, ದುಡಿಯುವೆಯೋ ಕೂರುವೆಯೋ ಎಂದು ಗುಟ್ಟಾಗಿ ಬರೆಸಿ ನೋಡಲಿ. ಏರಿ ಒಡೆದುದನ್ನು ತಮ್ಮ ಕೈಬರಹದಲ್ಲಿಯೇ ಕಂಡ ಮಕ್ಕಳಿಗೆ ಪಾಠವನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ.