ರೊಟ್ಟಿಯ ಲೆಕ್ಕದಲ್ಲಿ ಕಟ್ಟಿಗೆಯೂ ಸೇರಲಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯವರಾದ ನಿಮಗೆ ಖಡಕ್ ರೊಟ್ಟಿಯ ಪರಿಚಯ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಸುತ್ತ ಭತ್ತದ ಗದ್ದೆಗಳೇ ಆದವು. ಆದರೂ ಊಟಕ್ಕೆ ಕುಳಿತವರು ಮೊದಲು ಕೇಳುವುದು ಜೋಳದ ರೊಟ್ಟಿಯನ್ನೇ. ಹೀಗಾಗಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ, ಮದುವೆ ಮನೆಗೆ ಕೊಟ್ಟು ಸಂಸಾರ ತೂಗಿಸುವ ತಾಯಂದಿರು ನಮ್ಮ ನಡುವೆ ಇದ್ದಾರೆ. ಬೋರ್ಡು ಇಲ್ಲ, ಲೈಸೆನ್ಸು ಇಲ್ಲ, ಲೆಕ್ಕದ ಪುಸ್ತಕವೂ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಗಣಿಯಲ್ಲಿ ಗ್ರಾಂ ಚಿನ್ನಕ್ಕೂ ಲೆಕ್ಕವಿದೆ. ರೊಟ್ಟಿಯ ಅಕ್ಕನ ಲೆಕ್ಕ ಸೆರಗಿನ ಗಂಟಿನಲ್ಲಿ. ಹೀಗೆ ಯಾವ ದಾಖಲೆ, ಭದ್ರತೆಗೂ ಸೇರದೆ ದುಡಿಯುವವರು ಜಗತ್ತಿನಲ್ಲಿ ಸುಮಾರು 200 ಕೋಟಿ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತು.

ಇಂಥವರ ಮುಂದೆ "ಪರಿಸರ ಉಳಿಸಿ" ಎಂದರೆ, "ಮೊದಲು ಹೊಟ್ಟೀದು ನೋಡೂಣು ಬಿಡ್ರಿ" ಎಂದಾರು. ಆ ಮಾತಿನಲ್ಲಿ ತಪ್ಪಿಲ್ಲ. ಆದರೆ ಹೊಟ್ಟೆಯ ಲೆಕ್ಕವನ್ನೇ ಒಮ್ಮೆ ಪೂರ್ತಿಯಾಗಿ ಹಾಕಿ ನೋಡೋಣ.

ಉದಾಹರಣೆಗೆಂದೇ ಕೆಲವು ಅಂಕಿ ಇಟ್ಟುಕೊಳ್ಳಿ. ದಿನಕ್ಕೆ 100 ರೊಟ್ಟಿ, ಒಂದಕ್ಕೆ 7 ರೂಪಾಯಿ; ಬಂದದ್ದು 700. ಜೋಳ ಮತ್ತು ಗಿರಣಿಗೆ 380, ಕಟ್ಟಿಗೆಗೆ 120 ಹೋದರೆ ಉಳಿಯುವುದು 200. ಇಬ್ಬರು ದುಡಿದಿದ್ದರೆ ತಲೆಗೆ 100. ಈಗ ಕಟ್ಟಿಗೆಯ ಖರ್ಚು ಅರ್ಧವಾಯಿತು ಎನ್ನಿ. ಅದೇ ರೊಟ್ಟಿ, ಅದೇ ದರ. ಕೈಯಲ್ಲಿ ಉಳಿಯುವುದು 260. ದರ ಏರಿಸಿದರೆ ಖಾನಾವಳಿಯವರು ಬೇರೆ ಮನೆ ನೋಡಿಕೊಂಡಾರು, ಒಲೆಯಲ್ಲಿ ಉಳಿಸಿದ್ದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

"ನಾವು ಕಟ್ಟಿಗೆ ಕೊಳ್ಳೋದಿಲ್ಲ, ಹೊಲದಿಂದ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ತರ್ತೀವಿ" ಎನ್ನುವವರಿದ್ದಾರೆ. ಅವರಿಗೆ ರೂಪಾಯಿ ಉಳಿಯದು, ನಿಜ. ಆದರೆ ಹೊತ್ತು ತರುವ ಹೊತ್ತು ಯಾರದು? ಬಹಳ ಮನೆಗಳಲ್ಲಿ ಮಗಳದು. ಅದು ಅವಳ ಶಾಲೆಯ ಹೊತ್ತೂ ಆಗಿರಬಹುದು.

ಇನ್ನು ಹೊಗೆ. ಅಡುಗೆಮನೆಯ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ 2 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು. ಮನೆಮಂದಿಯ ಅಡುಗೆಗೆ ತಾಸೆರಡು ತಾಸು ಒಲೆಯ ಮುಂದೆ ಕೂರುವುದು ಬೇರೆ, ನಸುಕಿನಿಂದ ಮಧ್ಯಾಹ್ನದವರೆಗೆ ನೂರು ರೊಟ್ಟಿ ಬೇಯಿಸುವುದು ಬೇರೆ. ತಾಯಿಯ ಕೆಮ್ಮಿನ ಔಷಧಿ, ಮಗುವಿನ ಉಬ್ಬಸದ ಖರ್ಚು ರೊಟ್ಟಿಯ ಲೆಕ್ಕಕ್ಕೆ ಸೇರುವುದೇ ಇಲ್ಲ. ಆಸ್ಪತ್ರೆಯ ಚೀಟಿಗಳನ್ನು ಬೇರೆ ಚೀಲದಲ್ಲಿ ಇಡುತ್ತೇವಲ್ಲವೇ?

ದಾರಿ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ವಿಭಾಗದವರು ರೂಪಿಸಿದ ಅಸ್ತ್ರ ಒಲೆಯ ಹೆಸರನ್ನು ಹಿರಿಯರು ಕೇಳಿರಬಹುದು. ಬೆಂಕಿಗೆ ಕೆಳಗಿನ ಜಾಲರಿಯಿಂದ ಗಾಳಿ ಸಿಗುತ್ತದೆ, ಬಿಸಿ ಅಕ್ಕಪಕ್ಕಕ್ಕೆ ಚೆಲ್ಲದೆ ಪಾತ್ರೆಗೇ ತಾಗುತ್ತದೆ, ಹೊಗೆ ಕೊಳವೆಯಿಂದ ಹೊರಗೆ ಹೋಗುತ್ತದೆ. ಉಜ್ವಲಾ ಯೋಜನೆ 2016ರಲ್ಲಿ ಬಂದ ಮೇಲೆ ಗ್ಯಾಸು ಬಡವರ ಮನೆಗೂ ಬಂತು. ಆದರೆ ವ್ಯಾಪಾರದ ಅಡುಗೆಗೆ ಮನೆಯ ಸಿಲಿಂಡರ್ ಬಳಸುವಂತಿಲ್ಲ. ಹೀಗಾಗಿ ರೊಟ್ಟಿಯ ಕಸುಬು ಕಟ್ಟಿಗೆಯನ್ನು ಬಿಟ್ಟಿಲ್ಲ.

ಒಂದು ಮಾತು ನೇರವಾಗಿಯೇ ಹೇಳುತ್ತೇನೆ. ಇಂದಿನ ಗಳಿಕೆಯಲ್ಲೇ ಇಂದು ಉಣ್ಣುವವಳು ನಾಳೆಯ ಉಳಿತಾಯಕ್ಕೆಂದು ಇಂದೇ ದುಡ್ಡು ಹಾಕಲಾರಳು. ಅದು ಅಜ್ಞಾನವಲ್ಲ, ಬಡತನ. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪರಿಪತ್ರದಲ್ಲಿ, ಕಡಿಮೆ ನೆಲ, ನೀರು ಬಳಸಿ ಕಡಿಮೆ ಕಸ ಮಾಡುವ ಸಣ್ಣ ಆಹಾರ ಉತ್ಪಾದಕರಿಗೆ ಸರ್ಕಾರಗಳು ಬೆಂಬಲ ಕೊಡಬೇಕೆಂದು ಹೇಳಿದ್ದೂ ಇದೇ ಅರ್ಥದಲ್ಲಿ. ಇಲ್ಲಿ ನೆರವಾಗಬಲ್ಲದ್ದು ಮಹಿಳಾ ಸಂಘ. ಮದುವೆಗೆ, ಬಿತ್ತನೆಗೆ ಸಾಲ ಕೊಡುವ ಸಂಘ ಒಲೆಗೂ ಕೊಡಲಿ. ಉಳಿದ ಕಟ್ಟಿಗೆಯ ಹಣದಿಂದಲೇ ವಾರದ ಕಂತು ತೀರಲಿ.

ಆದರೆ ಎಲ್ಲರೂ ಒಮ್ಮೆಲೇ ಕಟ್ಟಿಸಬೇಡಿ. ಮೊದಲು ಒಂದೇ ಮನೆಯಲ್ಲಿ ಕಟ್ಟಿಸಿ, ಹದಿನೈದು ದಿನ ಕಟ್ಟಿಗೆ ತೂಗಿ ಬರೆದಿಡಿ. ಒಲೆ ಕಟ್ಟುವವರನ್ನು ಮೊದಲು ನಿಮ್ಮ ಪಕ್ಕ ಕೂರಿಸಿಕೊಂಡು ಹತ್ತು ರೊಟ್ಟಿ ಬೇಯಿಸಿ ತೋರಿಸಿ. ಅನ್ನ ಬೇಯಿಸುವ ಒಲೆಯೇ ಬೇರೆ; ರೊಟ್ಟಿಗೆ ಹಂಚಿನ ತುಂಬ ಉರಿ ಬೇಕು, ಖಡಕ್ ಆಗಲು ಕೆಂಡವೂ ಬೇಕು. ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ, ಇಲ್ಲವಾದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ.