ಇಥೆನಾಲ್ ಪೆಟ್ರೋಲು, ಕೈಯಾರೆ ಕಟ್ಟಿದ ವಿಮಾನ

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಸ್ವಂತ ವಿಮಾನ ಕಟ್ಟುವವರ ಶೆಡ್ಡುಗಳಲ್ಲಿ ಕೆಲಸ ಮಾಡುತ್ತಾ ಕಲಿತದ್ದು ಇದು. ಅಲ್ಲಿನ ಬಂಕ್‌ಗಳ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10 ಇಥೆನಾಲ್ ಇರುತ್ತದೆ. ನಮ್ಮ ಊರುಗಳಲ್ಲಿ ಈಗ ಶೇ 20ಕ್ಕೆ ಬಂದಿದೆ.

1. ಮೊದಲು ಎಂಜಿನ್ನಿನ ಕೈಪಿಡಿ. ರೋಟಾಕ್ಸ್ 912 ಸರಣಿಗೆ ತಯಾರಕರು ಒಪ್ಪುವುದು ಶೇ 10ರವರೆಗೆ ಮಾತ್ರ. ಭಾರತದಲ್ಲಿ ಈ ಎಂಜಿನ್ನಿನ ಮೈಕ್ರೋಲೈಟ್ ಹಾರಿಸುವವರು ಇ20 ಹಾಕಲೇಬಾರದು. ಎಂಜಿನ್ ಒಪ್ಪಿದರೂ ಟ್ಯಾಂಕು, ಪೈಪು, ಸೀಲುಗಳ ಹೊಣೆ ಕಟ್ಟಿದವರದೇ.

2. ಪ್ರತಿ ಸಲ ಪರೀಕ್ಷಿಸಿ. ಅಳತೆ ಗೆರೆಗಳಿರುವ ಗಾಜಿನ ಕೊಳವೆಗೆ 10 ಮಿಲಿ ನೀರು, ಮೇಲೆ 100 ಮಿಲಿ ಪೆಟ್ರೋಲು ಹಾಕಿ ಕುಲುಕಿ, ನಿಲ್ಲಲು ಬಿಡಿ. ತಳದ ಪದರ 10ರಲ್ಲೇ ಉಳಿದರೆ ಇಥೆನಾಲ್ ಇಲ್ಲ. 20ರ ಹತ್ತಿರಕ್ಕೇರಿದರೆ ಸುಮಾರು ಶೇ 10 ಇದೆ.

3. ನೀರಿನ ವಿಷಯದಲ್ಲಿ ಹಳೆಯ ಅಭ್ಯಾಸ ಸಾಲದು. ಬರೀ ಪೆಟ್ರೋಲಿನಲ್ಲಿ ನೀರು ತಳಕ್ಕಿಳಿಯುತ್ತದೆ, ಡ್ರೈನ್ ಕವಾಟದಿಂದ ತೆಗೆದರೆ ಕಣ್ಣಿಗೆ ಕಾಣುತ್ತದೆ. ಇಥೆನಾಲ್ ಇದ್ದಾಗ ಅದು ಕರಗಿಯೇ ಇರುತ್ತದೆ; ಕಪ್ಪಿನಲ್ಲಿ ಹಿಡಿದ ಇಂಧನ ತಿಳಿಯಾಗಿಯೇ ಕಾಣುತ್ತದೆ. ಮೇಲೇರಿ ಚಳಿ ಹೆಚ್ಚಿದಂತೆ ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಕುಗ್ಗುತ್ತದೆ. ಒಂದು ಹಂತದಲ್ಲಿ ನೀರು ಒಂದೇ ಬೇರ್ಪಡುವುದಿಲ್ಲ, ಇಥೆನಾಲನ್ನೂ ಎಳೆದುಕೊಂಡು ತಳ ಸೇರುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದು ಆ ಮಿಶ್ರಣವೇ. ಮೇಲುಳಿದ ಪೆಟ್ರೋಲಿನ ಆಕ್ಟೇನ್ ಕೂಡ ಇಳಿದಿರುತ್ತದೆ. ನೆಲದಲ್ಲಿ ಹೀಗೆ ಪದರ ಕಂಡರೆ ತಳದ್ದನ್ನಷ್ಟೇ ತೆಗೆದು ಹಾರಬೇಡಿ, ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ. ಹಾಗೆಯೇ, ವಾರಗಟ್ಟಲೆ ಹಾರದಿದ್ದರೆ ಈ ಇಂಧನವನ್ನು ಟ್ಯಾಂಕಿನಲ್ಲಿ ಬಿಡಬೇಡಿ.

4. ಬಳಸಿದ ಪ್ರತಿ ವಸ್ತುವಿನ ಚೂರನ್ನೂ ಮೊದಲು ಜಾಡಿಯಲ್ಲಿ ನೆನೆಸಿ. ಸೀಲಿನ ಉಂಗುರವನ್ನು ವರ್ನಿಯರ್‌ನಲ್ಲಿ ಅಳೆದು, ಅದೇ ಇಂಧನದಲ್ಲಿ ಕೆಲವು ವಾರ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಮಾಮೂಲಿ ರಬ್ಬರ್ ಊದಿಕೊಂಡಿದ್ದು ಕೈಗೇ ತಿಳಿಯುತ್ತದೆ. ಒಣಗಿದಾಗ ಅದು ಕುಗ್ಗಿ ಬಿರುಸಾಗುವುದು ಇನ್ನೂ ಅಪಾಯ, ಸೋರಿಕೆ ಶುರುವಾಗುವುದೇ ಆಗ. ವಿಟಾನ್ ಸೀಲು, ಟೆಫ್ಲಾನ್ ಒಳಪದರದ ಹೋಸ್ ಎಷ್ಟೋ ವಾಸಿ. ಫೈಬರ್‌ಗ್ಲಾಸ್ ಟ್ಯಾಂಕಾದರೆ ರಾಳ ಯಾವುದೆಂದು ತಿಳಿಯದೆ ಮುಂದುವರಿಯಬೇಡಿ. ಟ್ಯಾಂಕಿನೊಳಗೆ ಬಳಿದ ಹಳೆಯ ಕಾಲದ ಸೀಲಂಟ್ ಇಥೆನಾಲಿಗೆ ಹಪ್ಪಳದಂತೆ ಎದ್ದು ಬಂದು ಜಾಲರಿಗೆ ಅಡ್ಡ ಕೂರುತ್ತದೆ.

5. ಇಥೆನಾಲ್ ಸೇರಿದ ಪೆಟ್ರೋಲು ಬೇಗ ಆವಿಯಾಗುತ್ತದೆ. ಬಿಸಿಲಲ್ಲಿ ಇಳಿದು, ಎಂಜಿನ್ ಕಾದಿರುವಾಗಲೇ ಮತ್ತೆ ಏರುವ ಹೊತ್ತು ಹುಷಾರು. ಬೂಸ್ಟ್ ಪಂಪು ಟ್ಯಾಂಕಿಗೆ ಹತ್ತಿರ, ಕೆಳಮಟ್ಟದಲ್ಲಿರಲಿ. ಪೈಪು ಎಕ್ಸಾಸ್ಟ್‌ನಿಂದ ದೂರವಿರಲಿ.

6. ಶೇ 10 ಇಥೆನಾಲ್ ಎಂದರೆ ಲೀಟರಿಗೆ ಸುಮಾರು ಶೇ 3 ಶಕ್ತಿ ಕಡಿಮೆ. ಮೀಸಲು ಇಂಧನದ ಲೆಕ್ಕ ಹೊಸದಾಗಿ ಹಾಕಿ. ಮಿಶ್ರಣವೂ ತೆಳುವಾಗುವುದರಿಂದ ಎಕ್ಸಾಸ್ಟ್ ತಾಪಮಾನ ಗಮನಿಸಿ.

7. ಎರಡು ಟ್ಯಾಂಕುಗಳಿದ್ದರೆ ಹೊಸ ಇಂಧನ ಒಂದಕ್ಕೆ ಮಾತ್ರ. ಏರುವುದೂ ಇಳಿಯುವುದೂ ಏವಿಯೇಷನ್ ಗ್ಯಾಸೊಲಿನ್‌ನಲ್ಲಿ. ರನ್‌ವೇ ಮೇಲೆಯೇ ಸಾಕಷ್ಟು ಎತ್ತರದಲ್ಲಿ ಸುತ್ತುತ್ತಾ ಟ್ಯಾಂಕ್ ಬದಲಿಸಿ ನೋಡಿ. ಇಳಿದ ಮೇಲೆ ಫಿಲ್ಟರ್ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸುರಿದು ಏನೇನು ಬಂದಿದೆ ಎಂದು ಪರೀಕ್ಷಿಸಿ.