ಡ್ರೋನ್ ಆಮೇಲೆ, ಮೊದಲು ರೇಡಿಯೋ

ಡ್ರೋನ್ ಹಾರಿಸಲು ಕಲಿಯಬೇಕೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಕೊಳ್ಳಬೇಕಾದದ್ದು ಡ್ರೋನ್ ಅಲ್ಲ, ಕೈಯಲ್ಲಿ ಹಿಡಿಯುವ ರೇಡಿಯೋ. ಅಕ್ಕನ ಮಗ ಹಣ ಕೂಡಿಟ್ಟುಕೊಂಡು ಬಂದು, "ಮಾಮ, 20,000ಕ್ಕೆ ಯಾವ ಡ್ರೋನ್ ಬರುತ್ತೆ?" ಎಂದಾಗ ಅವನಿಗೂ ಇದನ್ನೇ ಹೇಳಿದೆ. ನಾನೂ ಶುರು ಮಾಡಿದ್ದು ಹಾಗೆಯೇ. ರೇಡಿಯೋಮಾಸ್ಟರ್ ಪಾಕೆಟ್, ಅದಕ್ಕೆ ಬೇಕಾದ ಎರಡು 18650 ಸೆಲ್‌, ಎಲ್ಲ ಸೇರಿ ಸುಮಾರು 8,000 ರೂಪಾಯಿ. ಡ್ರೋನ್‌ಗೆ ಆಗ ಒಂದು ಪೈಸೆಯನ್ನೂ ಹಾಕಿರಲಿಲ್ಲ.

ಎಫ್‌ಪಿವಿ, ಅಂದರೆ ಕ್ಯಾಮೆರಾ ಕಂಡದ್ದನ್ನೇ ನೋಡುತ್ತ ಹಾರಿಸುವ ಡ್ರೋನನ್ನು ಆಕ್ರೋ ಮೋಡ್‌ನಲ್ಲಿ ಹಾರಿಸುವಾಗ, ಕೈ ಬಿಟ್ಟರೆ ಅದು ತಾನಾಗಿ ಸಮಸ್ಥಿತಿಗೆ ಬರುವುದಿಲ್ಲ. ವಾಲಿದ್ದು ವಾಲಿದಂತೆಯೇ ಹೋಗುತ್ತದೆ. ಹಾಗಾಗಿ ಕಲಿಯುವವರು ಬೀಳಿಸಿಯೇ ಬೀಳಿಸುತ್ತಾರೆ. ಬಯಲಲ್ಲಿ ಬಿದ್ದರೆ ಪ್ರೊಪೆಲ್ಲರ್, ಮೋಟಾರು, ಕೆಲವೊಮ್ಮೆ ಕ್ಯಾಮೆರಾಕ್ಕೂ ದುಡ್ಡು ಎಣಿಸಬೇಕು. ಅದೇ ರೇಡಿಯೋವನ್ನು ಕಂಪ್ಯೂಟರಿಗೆ ಜೋಡಿಸಿ ಆಡುವ ಸಿಮ್ಯುಲೇಟರಿನಲ್ಲಿ ಬಿದ್ದರೆ ಒಂದು ಗುಂಡಿ ಒತ್ತಿದರಾಯಿತು.

ಮನೆಯಲ್ಲಿರುವ ಗೇಮ್‌ಪ್ಯಾಡ್ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಅದರ ಕಡ್ಡಿ ಬಿಟ್ಟ ಕೂಡಲೇ ನಡುವಿಗೆ ಬಂದು ನಿಲ್ಲುತ್ತದೆ. ರೇಡಿಯೋದ ಥ್ರಾಟಲ್ ಇಟ್ಟಲ್ಲೇ ನಿಲ್ಲುತ್ತದೆ. ಗೇಮ್‌ಪ್ಯಾಡಿನಲ್ಲಿ ಪಳಗಿದ ಬೆರಳು ನಿಜವಾದ ಡ್ರೋನ್ ಮುಂದೆ ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ. ಸಿಮ್ಯುಲೇಟರಿಗೆಂದೇ ಮಾರುವ ಅಗ್ಗದ ಕಂಟ್ರೋಲರ್‌ಗಳನ್ನೂ ನಾನು ಬೇಡ ಎನ್ನುತ್ತೇನೆ. ಮುಂದೆ ಅವು ಯಾವ ಡ್ರೋನನ್ನೂ ಹಾರಿಸವು. ಡ್ರೋನಿನ ಸಂಪರ್ಕಕ್ಕೆ ಇಎಲ್‌ಆರ್‌ಎಸ್ ಬಳಸುವ ರೇಡಿಯೋ ತೆಗೆದುಕೊಳ್ಳಿ. ಇಎಲ್‌ಆರ್‌ಎಸ್ ಮುಕ್ತ ತಂತ್ರಾಂಶ. ಅದರ ರಿಸೀವರುಗಳನ್ನು ಹಲವು ಕಂಪನಿಗಳು ಮಾಡುತ್ತವೆ, ಒಬ್ಬರಿಗೇ ಕಟ್ಟುಬಿದ್ದು ಅವರು ಹೇಳಿದ ಬೆಲೆ ತೆರುವ ಸಂಕಟವಿಲ್ಲ.

ಜೋಡಿಸುವ ಕೆಲಸಕ್ಕೆ ಖರ್ಚಿಲ್ಲ, ತಾಳ್ಮೆ ಬೇಕು. ರೇಡಿಯೋದೊಳಗಿನ ಎಡ್ಜ್‌ಟಿಎಕ್ಸ್ ತಂತ್ರಾಂಶದಲ್ಲಿ ಸಿಮ್ಯುಲೇಟರಿಗೆಂದೇ ಬೇರೆ ಮಾಡೆಲ್ ತೆರೆದು, ಒಳಗಿನ ಆರ್‌ಎಫ್ ಮಾಡ್ಯೂಲ್ ಆಫ್ ಮಾಡಿ. ಸೆಲ್ ಹೆಚ್ಚು ಹೊತ್ತು ಬಾಳುತ್ತದೆ. ಮೊದಲ ನಾಲ್ಕು ಚಾನೆಲ್ ಕಡ್ಡಿಗಳಿಗೆ ಸೇರಿರುತ್ತವೆ. ಆರ್ಮ್ ಮಾಡುವ, ಅಂದರೆ ಮೋಟಾರು ಚಾಲೂ ಮಾಡುವ ಸ್ವಿಚ್ಚನ್ನು ಮಿಕ್ಸಸ್ ಪುಟದಲ್ಲಿ 5ನೇ ಚಾನೆಲ್‌ಗೆ ನಾವೇ ಸೇರಿಸಬೇಕು. ಕೇಬಲ್ ಚುಚ್ಚಿದಾಗ ತೆರೆಯ ಮೇಲೆ ಬರುವ ಪಟ್ಟಿಯಲ್ಲಿ ಯುಎಸ್‌ಬಿ ಜಾಯ್‌ಸ್ಟಿಕ್ ಆರಿಸಿ. ಕಂಪ್ಯೂಟರಿಗೆ ರೇಡಿಯೋ ಕಾಣಿಸದಿದ್ದರೆ ಹೊಸ ರೇಡಿಯೋ ಕೆಟ್ಟಿದೆಯೆಂದು ವಾಪಸ್ ಕಳಿಸುವ ಮುಂಚೆ ಕೇಬಲ್ ಬದಲಿಸಿ ನೋಡಿ. ಫೋನ್ ಚಾರ್ಜರಿನ ಜೊತೆ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ನಂತರ ಸಿಮ್ಯುಲೇಟರಿನ ಕ್ಯಾಲಿಬ್ರೇಶನ್‌ನಲ್ಲಿ ಎರಡೂ ಕಡ್ಡಿಗಳನ್ನು ನಾಲ್ಕೂ ಮೂಲೆಗೆ ತಾಗುವಂತೆ ತಿರುಗಿಸಿ. ಮೋಡ್ 2ರಲ್ಲಿ ಥ್ರಾಟಲ್ ಎಡಗಡೆ ಇರುತ್ತದೆ. ನೀವು ಏರಿಸಿದಾಗ ಡ್ರೋನ್ ಇಳಿದರೆ ಆ ಚಾನೆಲನ್ನು ಅಲ್ಲೇ ತಿರುವುಮುರುವು ಮಾಡಬಹುದು.

ಇದೆಲ್ಲ ಆಗುವ ತನಕ ಸಿಮ್ಯುಲೇಟರಿಗೆ ದುಡ್ಡು ಕಟ್ಟಬೇಡಿ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟಕ್ಕೆ ಹಣ ವಾಪಸ್ ಸಿಗಬೇಕಾದರೆ 14 ದಿನದೊಳಗೆ ಕೇಳಬೇಕು, ಆಡಿದ್ದು 2 ಗಂಟೆ ಮೀರಿರಬಾರದು. ರೇಡಿಯೋ ಬರುವ ಮುನ್ನವೇ ಲಿಫ್ಟ್‌ಆಫ್ ಎಂಬ ಸಿಮ್ಯುಲೇಟರ್ ಕೊಂಡಿಟ್ಟರೆ ಆ ಗಡುವು ಪಾರ್ಸೆಲ್ ಕಾಯುವುದರಲ್ಲೇ ಮುಗಿದೀತು. ಮೊದಲ ಜೋಡಣೆಗೆ ಪುಕ್ಕಟೆ ಸಿಗುವ ಎಫ್‌ಪಿವಿ ಸ್ಕೈಡೈವ್ ಸಾಕು. ರೇಡಿಯೋ ಸರಿಯಾಗಿ ಓದಿಕೊಂಡಿತೆಂದು ಖಾತ್ರಿಯಾದ ಮೇಲೆ, ಬೆಲೆ ಇಳಿಸುವ ಹಬ್ಬದ ಮಾರಾಟಕ್ಕೆ ಕಾದು ಲಿಫ್ಟ್‌ಆಫ್ ತೆಗೆದುಕೊಳ್ಳಿ. ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ವೆಲಾಸಿಡ್ರೋನ್ ಎಂಬ ಇನ್ನೊಂದು ಸಿಮ್ಯುಲೇಟರ್ ಹಗುರವಾಗಿ ಒಗ್ಗಿತು. ಆಟ ಸರಾಗವಾಗಲೆಂದು ಗ್ರಾಫಿಕ್ಸ್ ಕಾರ್ಡಿಗೆ ಸಾವಿರಾರು ಸುರಿಯುವ ಅಗತ್ಯ ಬೀಳಲಿಲ್ಲ.

ಅಕ್ಕನ ಮಗ ಈಗ ಸಿಮ್ಯುಲೇಟರಿನಲ್ಲಿ ಕಿರಿದಾದ ಗೇಟುಗಳನ್ನು ದಾಟುತ್ತಾನೆ. ರೇಡಿಯೋ ಕೊಂಡು ಉಳಿದ ಅವನ 12,000 ಇನ್ನೂ ಬ್ಯಾಂಕಿನಲ್ಲೇ ಇದೆ. ಡ್ರೋನ್ ಕೊಳ್ಳುವ ದಿನ ಅವನು ರಿಮೋಟ್ ಇಲ್ಲದ, ರಿಸೀವರ್ ಮಾತ್ರ ಕೂಡಿಸಿರುವ ಪುಟ್ಟ ವೂಪ್ ಡ್ರೋನ್ ಆರಿಸಬೇಕೆಂಬುದು ನನ್ನ ಸಲಹೆ. 250 ಗ್ರಾಂ ಒಳಗಿನ ನ್ಯಾನೋ ಡ್ರೋನ್‌ಗೆ ನಮ್ಮ 2021ರ ಡ್ರೋನ್ ನಿಯಮಗಳಡಿ ಪೈಲಟ್ ಪರವಾನಗಿಯೂ ಬೇಡ, ಥರ್ಡ್ ಪಾರ್ಟಿ ವಿಮೆಯೂ ಕಡ್ಡಾಯವಲ್ಲ. ರಿಸೀವರಿನ ಇಎಲ್‌ಆರ್‌ಎಸ್ ಆವೃತ್ತಿಯೂ ರೇಡಿಯೋದ್ದೂ ಒಂದೇ ಸರಣಿಯವೇ ಎಂದು ನೋಡಿಯೇ ಹಣ ಕಟ್ಟಲಿ.